ಮೂರನೇ ಸಾಲು, ಫ್ಯಾನಿನ ಕೆಳಗೆ

ಸಭೆಯಲ್ಲಿ ಎಲ್ಲಿ ಕೂರಬೇಕು ಅನ್ನುವುದೂ ಒಂದು ವಿದ್ಯೆ. ಮೊದಲನೇ ಸಾಲು ಗಣ್ಯರಿಗೆ. ಅಲ್ಲಿ ಕೂತರೆ ಫೋಟೋಗೆ ಸಿಗುತ್ತೀರಿ, ಆಕಳಿಸುವ ಹಾಗಿಲ್ಲ. ಎರಡನೇ ಸಾಲಿನಲ್ಲಿ ಭಾಷಣಕಾರರ ಮನೆಯವರು ಇರುತ್ತಾರೆ. ಆ ಮಾತೆಲ್ಲ ಅವರು ಮನೆಯಲ್ಲೇ ಒಂದು ಸಲ ಕೇಳಿ ಬಂದಿರುತ್ತಾರೆ, ಪಾಪ. ಕೊನೆ ಸಾಲು ಬಸ್ಸು ಹಿಡಿಯುವವರದು. ನನ್ನ ಜಾಗ ಮೂರನೇ ಸಾಲು, ಫ್ಯಾನಿನ ನೇರ ಕೆಳಗೆ. ಬೆಂಗಳೂರಿನ ಸಂಘಗಳ ಉಪನ್ಯಾಸ ಕೇಳಿ ಕೇಳಿ ಬೇರೇನು ಕಲಿತೆನೋ, ಇದನ್ನಂತೂ ಕಲಿತಿದ್ದೇನೆ.

ಈ ಚಟ ಹತ್ತಿದ್ದು ಮಳೆಯಿಂದ. ಒಂದು ಸಂಜೆ ಹಡ್ಸನ್ ಸರ್ಕಲ್ಲಿನಿಂದ ಕೆ.ಆರ್. ಸರ್ಕಲ್ ಕಡೆಗೆ ನಡೆಯುತ್ತಿದ್ದೆ. ನೃಪತುಂಗ ರಸ್ತೆಯ ಅರ್ಧದಲ್ಲಿ ಮಳೆ ಹಿಡಿಯಿತು. ಕೊಡೆ ಇರಲಿಲ್ಲ. ತೆರೆದ ಗೇಟು ಕಂಡಿತು, ನುಗ್ಗಿದೆ. ಅದು ಮಿಥಿಕ್ ಸೊಸೈಟಿ. ಒಳಗೆ ಯಾರೋ ಬೇಗೂರಿನ ವೀರಗಲ್ಲಿನ ಬಗ್ಗೆ ಮಾತಾಡುತ್ತಿದ್ದರು. ಕರ್ಚೀಫಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಕೂತೆ. ಕ್ರಿ.ಶ. 900ರ ಸುಮಾರಿನ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳೆಗದ ಮಾತು ಇದೆಯಂತೆ. ಅಂದರೆ ಊರಿಗೆ ಆಗಲೇ ಆ ಹೆಸರಿತ್ತು. ಹಾಗಾದರೆ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಅನ್ನುವ ಕತೆ? ಬಲ್ಲಾಳ ಪಟ್ಟಕ್ಕೆ ಬಂದಿದ್ದೇ 1173ರಲ್ಲಿ. ಸ್ಕೂಲಿನಿಂದ ನಂಬಿಕೊಂಡು ಬಂದ ಅಜ್ಜಿ ಅರ್ಧ ಗಂಟೆಯಲ್ಲಿ ಕೈತಪ್ಪಿ ಹೋದಳು. ಮಳೆ ನಿಂತದ್ದು ಗೊತ್ತೇ ಆಗಲಿಲ್ಲ.

ಪುರಾಣ ಅನ್ನುವ ಅರ್ಥದ ಹೆಸರಿಟ್ಟುಕೊಂಡ ಸಂಘದಲ್ಲೇ ಒಂದು ಪುರಾಣ ಮುಗಿದಿತ್ತು. ಆ ಹೆಸರಿನದೂ ಒಂದು ಕಷ್ಟ. ಆಟೋದವರಿಗೆ "ಮಿಥಿಕ್ ಸೊಸೈಟಿ" ಎಂದರೆ, "ಯಾವ ಸೊಸೈಟಿ ಸಾರ್, ರೇಷನ್ನಾ?" ಅನ್ನುತ್ತಾರೆ. ನಮ್ಮಲ್ಲಿ ಸೊಸೈಟಿ ಅಂದರೆ ಅಕ್ಕಿ, ಸೀಮೆಎಣ್ಣೆ. ವಿದ್ಯೆ ಹಂಚುವ ಸೊಸೈಟಿ 1909ರಿಂದ ಇದೆ ಅಂದರೆ ಯಾರು ನಂಬುತ್ತಾರೆ? ಆಗ ದಂಡು ಪ್ರದೇಶದಲ್ಲಿದ್ದ ಎಫ್.ಜೆ. ರಿಚರ್ಡ್ಸ್ ಎಂಬ ಇಂಗ್ಲಿಷ್ ಅಧಿಕಾರಿ, ಫಾದರ್ ಟಬಾರ್ಡ್ ಎಂಬ ಪಾದ್ರಿ, ಇನ್ನೂ ಕೆಲವರು ಸೇರಿ ಶುರು ಮಾಡಿದರು. ಒಬ್ಬರು ಪ್ರಬಂಧ ಓದುವುದು, ಉಳಿದವರು ಕೇಳುವುದು, ಆಮೇಲೆ ಅದನ್ನು ತ್ರೈಮಾಸಿಕದಲ್ಲಿ ಅಚ್ಚು ಹಾಕುವುದು. 1917ಕ್ಕೆ ಸ್ವಂತ ಕಟ್ಟಡವೂ ಆಯಿತು. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದ ಹ್ಯೂ ಡೇಲಿಯ ಹೆಸರಿನ ಡೇಲಿ ಮೆಮೋರಿಯಲ್ ಹಾಲ್.

ಆಗ ಆ ರಸ್ತೆಯ ಹೆಸರು ಸೆನೊಟಾಫ್ ರಸ್ತೆ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷರ ಕಡೆಯವರ ನೆನಪಿನ ಕಂಬ ಅಲ್ಲಿತ್ತು. 1964ರಲ್ಲಿ ಕಂಬ ಉರುಳಿತು. ರಸ್ತೆಗೆ ಈಗ ನೃಪತುಂಗನ ಹೆಸರು. ಆ ರಾಜನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದ ಜನರನ್ನು ಒಂದು ಕಡೆ ಹೊಗಳುತ್ತದೆ. ಕೂತು ಓದದೇ ಇದ್ದರೂ ಇವರಿಗೆ ಕಾವ್ಯ ಗೊತ್ತು ಅನ್ನುತ್ತದೆ. ಓದದೆ ಹೇಗೆ ಗೊತ್ತಾಯಿತು? ಕೇಳಿ ತಾನೆ! ಉಪನ್ಯಾಸದ ಹಾಲ್ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕೇ.

ಇಂಥ ಜಾಗಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದು, ಊರು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದ್ದು. ಬೆಂಗಳೂರಿನ ದಕ್ಷಿಣದಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆ, ಬಿ.ಪಿ. ವಾಡಿಯಾ ಕಟ್ಟಿದ 'ವರ್ಲ್ಡ್ ಕಲ್ಚರ್' ಸಂಸ್ಥೆ ಎರಡೂ 1945ರವು. ಮಹಾಯುದ್ಧ ಮುಗಿದ ವರ್ಷ, ರೇಷನ್ನಿನ ಕಾಲ. ಜನ ಎರಡು ಸೊಸೈಟಿಗೂ ಹೋಗುತ್ತಿದ್ದಿರಬೇಕು, ಬೆಳಿಗ್ಗೆ ಅಕ್ಕಿಗೆ, ಸಂಜೆ ಇದಕ್ಕೆ.

ಕಾರ್ಯಕ್ರಮದ ಕ್ರಮ ನಿಮಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ. ಪರಿಚಯ ಮಾಡುವವರು ಅತಿಥಿಯ ಪ್ರೈಮರಿ ಸ್ಕೂಲಿನಿಂದ ಹೊರಡುತ್ತಾರೆ. ಪಿಎಚ್.ಡಿ.ಗೆ ಬರುವ ಹೊತ್ತಿಗೆ ನನಗೆ ಒಂದು ನಿದ್ದೆ ಆಗಿರುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯ ಶುಕ್ರವಾರದ ಉಪನ್ಯಾಸಗಳಲ್ಲಿ ಈ ಪರಿಚಯವೇ ಇಲ್ಲದ ಸಂಪ್ರದಾಯ. ಗಂಟೆ ಹೊಡೆಯುತ್ತದೆ, ಬಾಗಿಲು ತೆರೆಯುತ್ತದೆ, ಭಾಷಣಕಾರ ಬಂದವನೇ ವಿಷಯಕ್ಕೆ ಕೈ ಹಾಕುತ್ತಾನೆ. ಹಿಂದೆ ಒಬ್ಬ ವಿಜ್ಞಾನಿ ಸಭಾಕಂಪನದಿಂದ ಕೊನೇ ಗಳಿಗೆಯಲ್ಲಿ ಓಡಿಹೋದ ಅಂತ ಕತೆ. ಅಂದಿನಿಂದ ಭಾಷಣಕಾರನನ್ನು ಅರ್ಧ ಗಂಟೆ ಮೊದಲೇ ಕೋಣೆಯಲ್ಲಿ ಕೂಡಿ ಹಾಕುವ ಪದ್ಧತಿ ಬಂತಂತೆ. ನಮ್ಮಲ್ಲಿ ಭಾಷಣಕಾರರು ಓಡಿಹೋಗುವ ಭಯವಿಲ್ಲ. ಕೂಡಿ ಹಾಕಬೇಕಾದ್ದು ಪರಿಚಯ ಮಾಡುವವರನ್ನು.

ಲಂಡನ್ನಿನ ಅದೇ ಹಾಲಿನಲ್ಲಿ 1812ರಲ್ಲಿ ಒಬ್ಬ ಬುಕ್ ಬೈಂಡಿಂಗ್ ಹುಡುಗ ಯಾರೋ ಗಿರಾಕಿ ಕೊಟ್ಟ ಟಿಕೆಟ್ಟಿನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಕೇಳಿದ್ದನ್ನೆಲ್ಲ ಬರೆದ. ಬೈಂಡು ಹಾಕುವುದು ಹೇಗೂ ಗೊತ್ತಿತ್ತು, ಹಾಕಿ ಡೇವಿಗೇ ಕಳಿಸಿದ. ಮುಂದಿನ ವರ್ಷ ಅಲ್ಲೇ ಕೆಲಸ ಸಿಕ್ಕಿತು. ಅವನೇ ಮೈಕೆಲ್ ಫ್ಯಾರಡೆ. ನಾನೂ ಒಂದು ನೋಟ್ ಬುಕ್ ಇಟ್ಟಿದ್ದೇನೆ. ಅದರಲ್ಲಿ ಶಾಸನಗಳಿಗಿಂತ ಹೂವಿನ ಚಿತ್ರಗಳು ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟ ದತ್ತಿ ಉಪನ್ಯಾಸ. ಯಾರೋ ಒಬ್ಬರು ಅಪ್ಪ ಅಮ್ಮನ ನೆನಪಿಗೆ ಸಂಘದಲ್ಲಿ ಒಂದಿಷ್ಟು ದುಡ್ಡು ಇಡುತ್ತಾರೆ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಹೀಗೆ ಜೀವನವೆಲ್ಲ ಲೆಕ್ಕ ಬರೆದ ಒಬ್ಬ ಗುಮಾಸ್ತರ ಹೆಸರಿನಲ್ಲಿ ಹಳಗನ್ನಡ ಛಂದಸ್ಸಿನ ಮಾತು ನಡೆಯುತ್ತದೆ. ಏಳು ಮಕ್ಕಳನ್ನು ಸಾಕಿದ, ಮನೆ ಬಿಟ್ಟು ಹೊರಗೆ ಹೋಗದ ಒಬ್ಬ ತಾಯಿಯ ಹೆಸರಿನಲ್ಲಿ ವಿಜಯನಗರದ ವಿದೇಶ ವ್ಯಾಪಾರದ ಚರ್ಚೆ ಆಗುತ್ತದೆ. ವೇದಿಕೆಯಲ್ಲಿ ಅವರ ಫೋಟೋ, ಅದಕ್ಕೊಂದು ಮಲ್ಲಿಗೆ ಹಾರ. ಮೊಮ್ಮಕ್ಕಳು ಅಮೆರಿಕದಿಂದ ಬಂದಿದ್ದರೆ ಮುಂದಿನ ಸಾಲಿನಲ್ಲಿ ಒಂದು ಮಗು ಇರುತ್ತದೆ, ಅಜ್ಜಿಯನ್ನು ಯಾಕೆ ಸ್ಟೇಜಿನ ಮೇಲೆ ಕೂರಿಸಿದ್ದಾರೆ ಅಂತ ಕೇಳುತ್ತದೆ.

ಲೆಕ್ಕ ಮಾತ್ರ ಬರಬರುತ್ತಾ ಕೆಟ್ಟಿದೆ. ಎಂಬತ್ತರ ದಶಕದಲ್ಲಿ 5,000 ರೂಪಾಯಿ ಇಟ್ಟರು ಅನ್ನಿ. ಆಗ ಬ್ಯಾಂಕಿನವರು ಹತ್ತು ಪರ್ಸೆಂಟು ಕೊಡುತ್ತಿದ್ದರು, ವರ್ಷಕ್ಕೆ 500. ಭಾಷಣಕಾರರಿಗೆ ಗೌರವಧನ, ಹಾರ, ಹಣ್ಣು, ಕಾಫಿ ಎಲ್ಲ ಮುಗಿದು ಚಿಲ್ಲರೆ ಉಳಿಯುತ್ತಿತ್ತು. ಈಗ ಏಳು ಪರ್ಸೆಂಟು ಅಂದರೂ 350. ಅದರಲ್ಲಿ ಒಂದು ಶಾಲೂ ಬರುವುದಿಲ್ಲ. ಹಾಗಾಗಿ ನಾಲ್ಕೈದು ದತ್ತಿ ಸೇರಿಸಿ ಒಂದೇ ಸಂಜೆ ಮುಗಿಸುತ್ತಾರೆ. ವೇದಿಕೆಯ ಮೇಲೆ ಐದು ಫೋಟೋ, ಒಂದು ಉಪನ್ಯಾಸ. ಬದುಕಿದ್ದಾಗ ಒಬ್ಬರಿಗೊಬ್ಬರು ಗೊತ್ತೇ ಇರದ ಐದು ಜನ ಈಗ ವರ್ಷಕ್ಕೊಮ್ಮೆ ಪಕ್ಕಪಕ್ಕ ಕೂತು ಭಾಷಣ ಕೇಳುತ್ತಾರೆ. ಅವರಲ್ಲಿ ಯಾರೂ ಮಧ್ಯೆ ಎದ್ದು ಹೋಗಿದ್ದನ್ನು ನಾನು ನೋಡಿಲ್ಲ.

ನಾವೂ ಎದ್ದು ಹೋಗುವುದು ಸುಲಭವಲ್ಲ. ಮನೆಯಲ್ಲಿ ಯೂಟ್ಯೂಬಿನಲ್ಲಿ ಕೇಳಿದರೆ ಒಂದೂವರೆ ಪಟ್ಟು ವೇಗಕ್ಕೆ ಇಡಬಹುದು, ಬೇಜಾರಾದರೆ ಬೆರಳಲ್ಲಿ ತಳ್ಳಬಹುದು. ಹಾಲಿನಲ್ಲಿ ಮಧ್ಯೆ ಏಳಬೇಕಾದರೆ ಆರು ಜನರ ಮೊಣಕಾಲು ದಾಟಬೇಕು. ಆರೂ ನೋವಿನ ಮೊಣಕಾಲುಗಳು. ಸುಮ್ನೆ ಕೂರುತ್ತೇವೆ. ಎಷ್ಟೋ ಭಾಷಣಗಳು ಮೊದಲ ನಲವತ್ತು ನಿಮಿಷ ಬೂದಿ ಮುಚ್ಚಿಕೊಂಡಿದ್ದು ಆಮೇಲೆ ಹತ್ತಿಕೊಳ್ಳುತ್ತವೆ. ಬೆಂಕಿ ಕಾಯಿಸಿಕೊಳ್ಳುವ ಪುಣ್ಯ ನನಗೆ ಸಿಕ್ಕಿದ್ದು ಆ ಮೊಣಕಾಲುಗಳ ದಯೆಯಿಂದ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಒಂದು ಸಂಘದಲ್ಲಿ, ಹೆಸರು ಬೇಡ, ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಾರೆ. ಕೈಯಲ್ಲಿ ಕೊಡೆ, ಬೇಸಿಗೆಯಲ್ಲೂ. ಸ್ವಾಗತ ಮುಗಿಯುವುದರೊಳಗೆ ನಿದ್ದೆ. ಪ್ರಶ್ನೋತ್ತರ ಅಂದ ತಕ್ಷಣ ಎಚ್ಚರ. ಕೈ ಎತ್ತಿ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಆಧಾರ ಏನು?" ವಿಷಯ ಗಂಗರ ಕೆರೆಗಳಿರಲಿ, ಸಕ್ಕರೆ ಕಾಯಿಲೆ ಇರಲಿ, ಪ್ರಶ್ನೆ ಅದೇ. ಹುಡುಗರು ನಗುತ್ತಾರೆ. ಈಗ ಎಲ್ಲಿ ಹೋದರೂ ಆಧಾರ್ ಕೇಳುತ್ತಾರಲ್ಲ, ಅದು ಶುರುವಾಗಿದ್ದು ಈ ಮೇಷ್ಟ್ರಿಂದಲೇ ಅಂತ ಒಬ್ಬ ಹಾಸ್ಯ ಮಾಡಿದ.

ಆದರೆ ನಾನು ಗಮನಿಸಿದ್ದೇನೆ. ಅಲ್ಲಿಗೆ ಬರುವ ಭಾಷಣಕಾರರು ಎರಡು ಹಾಳೆ ಜಾಸ್ತಿ ತಂದಿರುತ್ತಾರೆ. ಒಮ್ಮೆ ಹೆಸರಾಂತ ವಾಗ್ಮಿಯೊಬ್ಬರು ಒಂದು ಊರಿನ ಹೆಸರಿಗೆ ರಮ್ಯವಾದ ಕತೆ ಕಟ್ಟಿ, ಚಪ್ಪಾಳೆ ಹೊಡೆಸಿಕೊಂಡು, ನೀರು ಕುಡಿಯಲು ಲೋಟ ಎತ್ತಿದರು. ಆಗ ಅವರ ಕಣ್ಣು ನಿದ್ದೆ ಮಾಡುತ್ತಿದ್ದ ಮೇಷ್ಟ್ರ ಮೇಲೆ ಬಿತ್ತು. ಲೋಟ ಇಟ್ಟು, "ಇದು ಜನ ಹೇಳುವ ಮಾತು, ಶಾಸನದಲ್ಲಿಲ್ಲ" ಎಂದು ತಾವಾಗಿಯೇ ಸೇರಿಸಿದರು. ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಅಲ್ಲಿ ಇದ್ದದ್ದು ಏಳೇ ಜನ, ಮೈಕಿನವನೂ ಸೇರಿ. ಭಾಷಣಕಾರರು ಮೈಸೂರಿನಿಂದ ಬಂದಿದ್ದರು. ಏಳು ಜನಕ್ಕೆ ಒಂದು ಗಂಟೆ, ಒಂದು ನಿಮಿಷವೂ ಕಡಿಮೆ ಮಾಡದೆ ಹೇಳಿದರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಬಿಟ್ಟಿ ಕಾಫಿ ಕುಡಿದು ಭಾಷಣ ಕೇಳಿದವನು ಸದಸ್ಯನೇ ಆಗಿರಲಿಲ್ಲ. ಮುಗಿದ ಮೇಲೆ ಆಫೀಸಿಗೆ ಹೋಗಿ ಆಜೀವ ಸದಸ್ಯತ್ವದ ಫಾರಂ ತುಂಬಿದೆ, ದುಡ್ಡು ಎಣಿಸಿ ಕೊಟ್ಟೆ.

ಗುಮಾಸ್ತರು ಕನ್ನಡಕ ಏರಿಸಿ ಫಾರಂ ತಿರುಗಿಸಿ ನೋಡಿದರು.

"ಎಲ್ಲ ಸರಿ ಇದೆ. ಆಧಾರ್ ಎಲ್ಲಿ ಸಾರ್?"

ಬಾಗಿಲ ಹತ್ತಿರ ಕೊಡೆ ಬಿಡಿಸುತ್ತಿದ್ದ ಮೇಷ್ಟ್ರು ಥಟ್ಟನೆ ತಿರುಗಿ ನೋಡಿದರು.