ಇನ್ನೂ ಸ್ವಲ್ಪ ಗಟ್ಟಿಯಾಗಿ

ಬೆನ್ನು ಒತ್ತಿಸಿಕೊಳ್ಳುವವರ ಬಾಯಲ್ಲಿ ಬರುವುದು ಎರಡೇ ಮಾತು. ಒಂದು, ‘ಹಾಂ, ಅಲ್ಲೇ, ಅಲ್ಲೇ.’ ಇನ್ನೊಂದು, ‘ಇನ್ನೂ ಸ್ವಲ್ಪ ಗಟ್ಟಿಯಾಗಿ.’ ಎರಡನೆಯದು ಕಿವಿಗೆ ಬಿದ್ದದ್ದೇ ತಡ, ಒತ್ತುವವರ ಹೆಬ್ಬೆರಳು ತಾನಾಗಿ ಮುಂದೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಮಲಗಿದವರಿಗೆ ಗೊರಕೆ, ಒತ್ತಿದವರಿಗೆ ಕೈಸೋಲು.

ಹೆಬ್ಬೆರಳಿಗೆ ಭಾರದ ಕೆಲಸ ಹೇಳುವುದೇ ತಪ್ಪು. ಅದರ ಬುಡದ ಕೀಲು ಅತ್ತಿತ್ತ ಹೊರಳಲು, ಹಿಡಿಯಲು ಹೇಳಿ ಮಾಡಿಸಿದ್ದು. ತುದಿಗೆ ಬಿದ್ದ ಒತ್ತಡ ಬುಡ ಮುಟ್ಟುವಷ್ಟರಲ್ಲಿ ಹಲವು ಪಟ್ಟು ಹೆಚ್ಚಿರುತ್ತದೆ. ತುದಿಯ ಕೀಲು ಹಿಂದಕ್ಕೆ ಬಾಗಿ ಉಗುರು ಬೆಳ್ಳಗಾಯಿತೆಂದರೆ ಅಲ್ಲಿಗೆ ನಿಲ್ಲಿಸಬೇಕು. ಒಂದು ಗಂಟು ಸಿಕ್ಕಿತು, ಹೆಬ್ಬೆರಳನ್ನೇ ಬಳಸಬೇಕು ಎನ್ನುವುದಾದರೆ ಬೆರಳು, ಮಣಿಕಟ್ಟು, ಮುಂಗೈ ಮೂರೂ ಒಂದೇ ಗೆರೆಯಲ್ಲಿರಲಿ. ಅದರ ಮೇಲೆ ಇನ್ನೊಂದು ಅಂಗೈಯ ಬುಡ ಇಟ್ಟು, ಆ ಮೇಲಿನ ಕೈಯಿಂದ ಭಾರ ಹಾಕಬೇಕು. ಕೆಳಗಿನ ಬೆರಳು ಜಾಗ ತೋರಿಸಿದರೆ ಸಾಕು.

ಭಾರ ಎಂದೆನಲ್ಲ, ಎಲ್ಲ ಗುಟ್ಟೂ ಅಲ್ಲೇ ಇದೆ. ಒತ್ತುವುದು ತೋಳಿನ ಬಲವಲ್ಲ, ಮೈತೂಕ. ಒಂದು ಕಾಲು ಮುಂದೆ, ಒಂದು ಹಿಂದೆ. ಮುಂದಿನ ಮಂಡಿ ತುಸು ಬಾಗಿರಲಿ. ಮೊಣಕೈಯನ್ನು ಬಿಗಿಯದೆ, ಆದರೂ ಹೆಚ್ಚುಕಡಿಮೆ ನೇರವಾಗಿಟ್ಟು, ಹಿಂದಿನ ಪಾದದಿಂದ ನೆಲವನ್ನು ತಳ್ಳಿದರೆ ಸೊಂಟ ಮುಂದೆ ಬರುತ್ತದೆ, ಅದರ ಹಿಂದೆ ತೂಕವೂ ಕೈಗಿಳಿಯುತ್ತದೆ. ಹೀಗಾಗಬೇಕಾದರೆ ಮೇಜಿನ ಎತ್ತರ ಸರಿಯಿರಬೇಕು. ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಮೇಜಿಗೆ ತಾಗಿದರೆ ಸಾಮಾನ್ಯ ಕೆಲಸಕ್ಕೆ ಹಿತ. ಆಳವಾಗಿ ಒತ್ತಬೇಕೆಂದರೆ, ಅಥವಾ ಮಲಗಿದವರು ದಪ್ಪ ಮೈಯವರಾದರೆ, ಇನ್ನೂ ಒಂದೆರಡು ಇಂಚು ತಗ್ಗಿರಲಿ. ಎತ್ತರವಾದರೆ ಹೆಗಲು ಕಿವಿಯ ಹತ್ತಿರಕ್ಕೆ ಏರುತ್ತದೆ, ಕೈಗೆ ಸಿಗುವುದು ತೋಳಿನ ಬಲ ಮಾತ್ರ. ಮೆತ್ತನೆಯ ಹಾಸಿಗೆಯಂತೂ ಬೇಡವೇ ಬೇಡ: ಒತ್ತಿದ್ದರಲ್ಲಿ ಒಳ್ಳೇ ಪಾಲನ್ನು ಸ್ಪ್ರಿಂಗೇ ನುಂಗಿಬಿಡುತ್ತದೆ. ಅದರ ಬದಲು ನೆಲದ ಮೇಲೆ ದಪ್ಪ ಕಂಬಳಿ ಹಾಸಿ, ಮಂಡಿಯೂರಿ ಕೂರುವುದು ವಾಸಿ.

ಇನ್ನು ಮಣಿಕಟ್ಟು. ಬೆರಳು ಮಡಿಸುವ ಸ್ನಾಯುಗಳಲ್ಲಿ ದೊಡ್ಡವು ಇರುವುದು ಮುಂಗೈಯಲ್ಲಿ. ಅವುಗಳ ಒಂಬತ್ತು ರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಜೊತೆಗೆ ಒಂದು ನರ, ಮಣಿಕಟ್ಟಿನ ಇಕ್ಕಟ್ಟಾದ ಸುರಂಗವೊಂದರಲ್ಲಿ ಹಾದು ಬರುತ್ತವೆ. ಕೈಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಅಂಗೈಯಿಂದ ಒತ್ತಿದರೆ ಆ ಸುರಂಗದೊಳಗೆ ಒತ್ತಡ ಏರುತ್ತದೆ. ಭುಜವನ್ನು ಕೈಯ ನೇರ ಮೇಲೆ ತರದೆ ಕೊಂಚ ಹಿಂದೆಯೇ ಇಟ್ಟುಕೊಂಡರೆ ಈ ಬಾಗು ಕಡಿಮೆಯಾಗುತ್ತದೆ. ಬೆರಳುಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ: ಅಂಗೈ ಕೆಲಸ ಮಾಡುತ್ತಿರುವಾಗ ಅವು ಸುಮ್ಮಸುಮ್ಮನೆ ಮೇಲಕ್ಕೆ ಸೆಟೆದು ನಿಂತಿರುತ್ತವೆ. ಬಿಗಿದೇ ಇರುವ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಬೇಗ ಸೋಲುತ್ತದೆ. ಬೆರಳನ್ನು ಮಲಗಿದವರ ಬೆನ್ನ ಮೇಲೇ ಒರಗಿಸಿಬಿಡಿ.

ಅಗಲವಾದ ಬೆನ್ನು, ತೊಡೆ, ಪೃಷ್ಠಕ್ಕೆ ಕೈಬೆರಳೇ ಬೇಕಿಲ್ಲ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಮುಂಗೈಯ ಮಾಂಸಲ ಭಾಗವನ್ನು ಊರಿ ನಿಧಾನವಾಗಿ ಜಾರಿಸಿದರೆ ಆಯಿತು. ಅಂಗೈ ಸಡಿಲ ಬಿಟ್ಟಿರಬೇಕು. ಮುಷ್ಟಿ ಬಿಗಿದರೆ ಮುಂಗೈಯೂ ಬಿಗಿದು, ಮಲಗಿದವರಿಗೆ ಕೊರಡಿನಿಂದ ಉಜ್ಜಿದಂತಾಗುತ್ತದೆ. ಮೊಣಕೈಯ ಮೊನೆಯನ್ನು ಮಾತ್ರ ಬೆನ್ನೆಲುಬಿನ ಮೇಲಾಗಲಿ, ಮಂಡಿಯ ಹಿಂದಿನ ಗುಳಿಯಲ್ಲಾಗಲಿ, ಕತ್ತಿನ ಮುಂಭಾಗದಲ್ಲಾಗಲಿ ಊರಬಾರದು.

ಎಣ್ಣೆಯ ವಿಷಯಕ್ಕೆ ಬಂದರೆ, ಧಾರಾಳಿಗಳೇ ಹೆಚ್ಚು. ಒಂದು ಬೆನ್ನಿಗೆ ಒಂದೆರಡು ಟೀ ಚಮಚ ಸಾಕು. ಅತಿಯಾದರೆ ಕೈ ಜಾರುತ್ತದೆ, ಜಾರದಿರಲೆಂದು ಬೆರಳು ಹಿಡಿತ ಬಿಗಿಯುತ್ತದೆ, ದಣಿವು ಅಲ್ಲಿಂದಲೇ ಶುರು. ತೀರಾ ಕಡಿಮೆಯಾದರೆ ಚರ್ಮ ಎಳೆಯುತ್ತದೆ. ಗಂಟಿರುವ ಜಾಗವನ್ನು ಆಳವಾಗಿ ಒತ್ತುವ ಮುಂಚೆ ಬಟ್ಟೆಯಿಂದ ಒಮ್ಮೆ ಒರೆಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಹಾಗಾದರೆ ‘ಇನ್ನೂ ಗಟ್ಟಿಯಾಗಿ’ ಎಂಬ ಬೇಡಿಕೆಗೆ ಏನು ಮಾಡುವುದು? ನಿಧಾನ ಮಾಡುವುದು. ತಟ್ಟನೆ ಒತ್ತಿದರೆ ಮೈ ಎದುರು ಬಿಗಿಯುತ್ತದೆ; ಆ ಬಿಗಿಯನ್ನು ಮುರಿಯಲು ಮತ್ತೆ ಬಲ ಬೇಕು. ತೂಕವನ್ನು ಮೆಲ್ಲಗೆ ಇಳಿಸಿ, ಮಲಗಿದವರು ಎರಡು ಮೂರು ಉಸಿರು ಬಿಡುವ ತನಕ ಅಲ್ಲೇ ಕಾದರೆ ಜಾಗ ತಾನಾಗಿ ಸಡಿಲುತ್ತದೆ. ಒತ್ತುವವರೂ ಉಸಿರಾಡಬೇಕು, ಹಲ್ಲು ಕಚ್ಚಿ ಉಸಿರು ಹಿಡಿದು ಒತ್ತುವವರೇ ಜಾಸ್ತಿ. ಐದು ನಿಮಿಷಕ್ಕೊಮ್ಮೆ ಪಟ್ಟು ಬದಲಾಗಲಿ: ಅಂಗೈ ಆದ ಮೇಲೆ ಮುಂಗೈ, ಆಮೇಲೆ ಸಡಿಲ ಮುಷ್ಟಿಯ ಚಪ್ಪಟೆ ಭಾಗ.

ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ನರ ದೂರು ಹೇಳುತ್ತಿರಬಹುದು. ಹೆಬ್ಬೆರಳ ಬದಿಯ ಮಣಿಕಟ್ಟು ಚುಳುಕ್ ಎಂದರೆ ಅಲ್ಲಿನ ರಜ್ಜುಗಳು ಕೆರಳಿರುವ ಸಂಭವವಿದೆ. ಕೆಲವು ದಿನ ಕೈಗೆ ಬಿಡುವು ಕೊಡಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಬಿಡುವು ಎಂದು ಕೂತು, ಅದೇ ಹೆಬ್ಬೆರಳಲ್ಲಿ ಎರಡು ಗಂಟೆ ಫೋನ್ ಉಜ್ಜಿದರೆ ಅದು ಲೆಕ್ಕಕ್ಕಿಲ್ಲ.