ಮೋಟರ್‌ಗೆ 10 ವರ್ಷ ವಾರಂಟಿ, ಮಿಕ್ಕಿದ್ದಕ್ಕೆ?

ಪೂರ್ತಿ ಕೆಟ್ಟುಹೋಗುವ ವಾಷಿಂಗ್ ಮಷೀನ್ ಎಷ್ಟೋ ವಾಸಿ. ಗುಜರಿಗೆ ಹಾಕಿ ಬೇರೆ ತರಬಹುದು. ನಮ್ಮ ಮನೆಯದು ಆ ಜಾತಿಯದಲ್ಲ. ಸೋಮವಾರ ಚೆನ್ನಾಗಿ ಓಡುತ್ತದೆ, ಬುಧವಾರ ನಡುವೆ ನಿಂತು ಬೀಪ್ ಬೀಪ್ ಅನ್ನುತ್ತದೆ, ಶನಿವಾರ ಏನೂ ಆಗೇ ಇಲ್ಲ ಅನ್ನೋ ಥರ ಮನೆಯ ಬೆಡ್‌ಶೀಟ್‌ಗಳನ್ನೆಲ್ಲ ಒಗೆದು ಕೊಡುತ್ತದೆ. ನಿಂತಾಗ ಬಾಗಿಲು ಲಾಕ್. ಒಳಗೆ ನೀರು, ಸೋಪು, ಮಗಳ ಯೂನಿಫಾರ್ಮು. ಫ್ರಂಟ್ ಲೋಡ್ ಇರೋರಿಗೆ ಇದು ಗೊತ್ತಿರುತ್ತದೆ: ಕೆಳಗಿನ ಪುಟ್ಟ ಮುಚ್ಚಳ ತೆಗೆದು ಫಿಲ್ಟರ್ ತಿರುಗಿಸಿ ನೀರು ಬಿಡಬೇಕು. ಅದು ನೆಲಕ್ಕೆ ಎಷ್ಟು ಹತ್ತಿರ ಅಂದರೆ ಬಕೆಟ್ ಹಿಡಿಯೋದಿಲ್ಲ, ಊಟದ ತಟ್ಟೆ ಇಟ್ಟು ತಟ್ಟೆ ತಟ್ಟೆ ನೀರು ಬಚ್ಚಲಿಗೆ ಸುರಿಯಬೇಕು. ಈ ಡಿಸೈನ್ ಮಾಡಿದವರು ಒಂದು ಸಲವಾದರೂ ತಮ್ಮ ಮನೆಯಲ್ಲಿ ಈ ಕೆಲಸ ಮಾಡಿದ್ದಾರಾ ಅಂತ ನನಗೆ ಯಾವಾಗಲೂ ಅನುಮಾನ.

ಟೆಕ್ನಿಷಿಯನ್ ಬಂದ ದಿನ ಮಾತ್ರ ಮಷೀನ್, ಮೇಷ್ಟ್ರು ಕ್ಲಾಸಿಗೆ ಬಂದ ತಕ್ಷಣ ಪುಸ್ತಕ ತೆಗೆದು ಕೂತ ಹುಡುಗನ ಥರ. ಒಂದು ಬೀಪ್ ಇಲ್ಲ. "ಎಲ್ಲಾ ಸರಿಯಾಗಿದೆಯಲ್ಲ ಮೇಡಂ?" ಅಂತ ವಿಸಿಟಿಂಗ್ ಚಾರ್ಜ್ ತಗೊಂಡು ಹೋಗುತ್ತಾರೆ. ಫೋನಲ್ಲಿ ತೆಗೆದ ವಿಡಿಯೋ ತೋರಿಸಿದರೆ ಬರುವ ಉತ್ತರ ಒಂದೇ: "ಪಿಸಿಬಿ ಚೇಂಜ್ ಮಾಡ್ಬೇಕು ಮೇಡಂ." ಪಿಸಿಬಿ ಅಂದರೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತಪ್ಪ ಅಂದರೆ, "ಎರರ್ ಬರ್ತಿದೆ ಅಲ್ವಾ, ಹಾಗಾದ್ರೆ ಬೋರ್ಡೇ." ಹೇಳಿದ ರೇಟು ಕೇಳಿ ಅತ್ತೆ, "ಅಷ್ಟು ದುಡ್ಡಿಗೆ ಒಂದು ಸೆಮಿ ಆಟೊಮ್ಯಾಟಿಕ್ ಬರುತ್ತಲ್ಲೇ" ಅಂದರು. ಅವರ ಮಾತು ಸುಳ್ಳೇನಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸಂಜೆಯೊಳಗೆ ಇನ್ನೂ ಎಷ್ಟೋ ಮನೆ ಮುಗಿಸಬೇಕು. ಕೂತು ಹುಡುಕೋಕೆ ಟೈಮ್ ಕೊಟ್ಟಿಲ್ಲ, ಪಾರ್ಟ್ ಬದಲಾಯಿಸೋಕೆ ಮಾತ್ರ ಹೇಳಿಕೊಟ್ಟಿದ್ದಾರೆ.

ಕೊನೆಗೆ ನಮ್ಮ ಹಿಂದಿನ ರಸ್ತೆಯಲ್ಲಿ ಮಿಕ್ಸಿ, ಗೀಸರ್, ಫ್ಯಾನ್ ಎಲ್ಲಾ ರಿಪೇರಿ ಮಾಡುವ ಅಂಗಡಿಯವರನ್ನು ಕರೆದೆ. ಐವತ್ತು ದಾಟಿದ ಮನುಷ್ಯ. ಮಷೀನ್ ಮುಟ್ಟುವ ಮೊದಲೇ ಕೇಳಿದ್ದು, "ಮೇಡಂ, ನಿಮ್ಮ ನೀರಿನ ಟ್ಯಾಂಕ್ ಎಲ್ಲಿದೆ?" ನಮ್ಮದು ಮೇಲಿನ ಮಹಡಿ, ಟ್ಯಾಂಕ್ ನೇರ ತಲೆ ಮೇಲೆ. "ಅಲ್ಲೇ ಇದೆ ನೋಡಿ ಕಥೆ" ಅಂದರು. ಹಿಂದಿನ ಪೈಪ್ ಬಿಚ್ಚಿ, ನೀರು ಒಳಬಿಡುವ ವಾಲ್ವ್ ಬಾಯಲ್ಲಿರುವ ಪುಟ್ಟ ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ಮರಳು, ತುಕ್ಕು, ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಎಲ್ಲಾ ಸೇರಿ ಗಟ್ಟಿಯಾಗಿತ್ತು.

ಅವರು ಹೇಳಿದ ಲೆಕ್ಕ ಸರಳ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಮಷೀನಿಗಿಂತ ಟ್ಯಾಂಕ್ 2-3 ಮೀಟರ್ ಮಾತ್ರ ಮೇಲಿದ್ದರೆ ಸಿಗೋದು 0.2, 0.3 ಬಾರ್. ಎಷ್ಟೋ ಮಷೀನ್‌ಗಳಿಗೆ ಅದು ಅಂಚಿನಲ್ಲಿರುವ ಒತ್ತಡ. ಟ್ಯಾಂಕ್ ತುಂಬಿದ್ದಾಗ ಹೇಗೋ ನಡೆಯುತ್ತದೆ. ಟ್ಯಾಂಕ್ ಅರ್ಧಕ್ಕಿಳಿದು ಜಾಲರಿಯೂ ಕಟ್ಟಿಕೊಂಡಿದ್ದರೆ, ಇಷ್ಟು ನಿಮಿಷದಲ್ಲಿ ಇಷ್ಟು ನೀರು ಬರಬೇಕು ಅಂತ ಕಾಯುವ ಬೋರ್ಡ್, ನೀರು ಬರಲಿಲ್ಲ ಅಂತ ಕೆಲಸ ನಿಲ್ಲಿಸುತ್ತದೆ. ಅಂದರೆ ಬೋರ್ಡ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು! ಬದಲಾಯಿಸಬೇಕು ಅಂತ ಕಂಪನಿಯವರು ಹೊರಟಿದ್ದು ಆ ಮಷೀನಿನಲ್ಲಿ ಸರಿಯಾಗಿದ್ದ ಒಂದೇ ಭಾಗವನ್ನು. ಬೆಳಗ್ಗೆ ಟೆಕ್ನಿಷಿಯನ್ ಬರುವ ಹೊತ್ತಿಗೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿರುತ್ತಿದ್ದೆವು, ಅದಕ್ಕೇ ಆಗ ಬೀಪ್ ಇರಲಿಲ್ಲ.

ಹಾಗಂತ ಬೋರ್ಡ್ ಹೋಗೋದೇ ಇಲ್ಲ ಅಂತಲ್ಲ. ಬೆಂಗಳೂರಲ್ಲಿ ಕರೆಂಟ್ ಹೋಗಿ ಬರುವಾಗಿನ ಏಟಿಗೆ ಹೋಗುತ್ತವೆ, ಯುಟಿಲಿಟಿಯ ತೇವಕ್ಕೆ ಹೋಗುತ್ತವೆ, ಇರುವೆ ಗೂಡು ಕಟ್ಟಿ ಹೋಗುತ್ತವೆ. ತಳದಿಂದ ಇಲಿ ನುಗ್ಗಿ ವೈರ್ ಕಡಿಯೋದಂತೂ ಮಾಮೂಲು. ಆದರೆ ಆಗಲೂ ಕೆಟ್ಟಿರೋದು ಎಷ್ಟೋ ಸಲ ಒಂದು ರಿಲೇ, ಒಂದು ಕೆಪಾಸಿಟರ್ ಥರದ ಪುಟ್ಟ ಭಾಗ. ಬೋರ್ಡಿನ ಬೆಲೆ ಮುಂದೆ ಅದು ಏನೂ ಅಲ್ಲ. ತೇವ ಹೋಗಬಾರದು ಅಂತ ಬೋರ್ಡ್ ಮೇಲೆ ಅಂಟಿನಂಥದ್ದು ಸುರಿದಿರುತ್ತಾರೆ, ಅದನ್ನು ಕೆರೆದು ರಿಪೇರಿ ಮಾಡೋದು ತಾಳ್ಮೆಯ ಕೆಲಸ, ಅದು ನಿಜ. ಮಾಡುವವರು ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಈಗಲೂ ಸಿಗುತ್ತಾರೆ. ಕಂಪನಿಯವರು ಮಾತ್ರ ಆ ದಾರಿ ಇದೆ ಅಂತಲೇ ಹೇಳೋದಿಲ್ಲ.

ಇನ್ನು ಆ ಸ್ಟಿಕ್ಕರ್. ಮಷೀನ್ ಮುಖದ ಮೇಲೆ ದಪ್ಪಕ್ಷರದಲ್ಲಿ 10 ವರ್ಷ. ಪಕ್ಕದಲ್ಲಿ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿ "ಮೋಟರ್ ಮಾತ್ರ". ಮೋಟರ್ ಸುಲಭಕ್ಕೆ ಕೆಡೋದಿಲ್ಲ ಅಂತ ಗೊತ್ತಿದ್ದೇ ಅದಕ್ಕೆ ಅಷ್ಟು ಉದ್ದದ ವಾರಂಟಿ! ಕೆಡೋದು ಡ್ರೇನ್ ಪಂಪ್, ಡೋರ್ ಲಾಕ್, ಇನ್‌ಲೆಟ್ ವಾಲ್ವ್, ಬೋರ್ಡ್, ಬಾಗಿಲ ಸುತ್ತಿನ ರಬ್ಬರ್. ಅವಕ್ಕೆ ಎಷ್ಟು ವರ್ಷ ಅಂತ ಶೋರೂಮಿನಲ್ಲಿ ಕೇಳಿ ನೋಡಿ, ಸೇಲ್ಸ್ ಹುಡುಗ ನಿಮ್ಮನ್ನು ಫ್ರಿಜ್ ಕಡೆ ಕರ್ಕೊಂಡು ಹೋಗುತ್ತಾನೆ.

ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಒಂದು ನಿಯಮ ಇದೆ. ವಾಷಿಂಗ್ ಮಷೀನ್ ಮಾಡುವ ಕಂಪನಿ, ಆ ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ 10 ವರ್ಷ ಮುಖ್ಯ ಬಿಡಿಭಾಗಗಳನ್ನು ಕೊಡಬೇಕು. ಫ್ರಾನ್ಸಿನಲ್ಲಂತೂ ಅದೇ ವರ್ಷದಿಂದ ರಿಪೇರಿ ಎಷ್ಟು ಸುಲಭ ಅಂತ 10ಕ್ಕೆ ಅಂಕ ಕೊಟ್ಟು ಮಷೀನ್ ಜೊತೆಗೇ ತೋರಿಸಬೇಕಿತ್ತು, 2025ರಿಂದ ಅದರ ಜಾಗಕ್ಕೆ ಬಾಳಿಕೆಯನ್ನೂ ಸೇರಿಸಿ ಕೊಡುವ ಅಂಕ ಬಂದಿದೆ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಒಳ್ಳೇದೇ. ಆದರೆ ಕಂಪನಿಗಳು ತಾವಾಗಿ ಹಾಕಿದ ಮಾಹಿತಿ ಅದು, ಪಾರ್ಟ್ ಕೊಡಲೇಬೇಕು ಅಂತ ಕಟ್ಟಿಹಾಕುವ ಕಾನೂನಲ್ಲ. ನಮ್ಮಲ್ಲಿ ಕರೆಂಟ್ ಎಷ್ಟು ತಿನ್ನುತ್ತದೆ ಅಂತ ತೋರಿಸೋಕೆ ನಕ್ಷತ್ರ ಇದೆ, ಎಷ್ಟು ಬೇಗ ಕೆಟ್ಟು ಕೂರುತ್ತದೆ ಅನ್ನೋದಕ್ಕೆ ಏನೂ ಇಲ್ಲ.

ಕಂಪನಿ ತೀರಾ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಫೀಸ್ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಬಿಲ್ಲು, ಜಾಬ್ ಶೀಟು, ವಿಡಿಯೋ ಎಲ್ಲಾ ಎತ್ತಿಟ್ಟಿರಿ. ಪಾರ್ಟ್ ಬದಲಾಯಿಸಿದರೆ ಹಳೇದನ್ನು ಕೇಳಿ ಇಸ್ಕೊಳ್ಳಿ. ಎಷ್ಟೋ ಸಲ ಹಳೇ ಪಾರ್ಟ್ ಕೊಡಿ ಅಂದ ತಕ್ಷಣವೇ "ಒಂದ್ನಿಮಿಷ ಮೇಡಂ, ಇನ್ನೊಂದ್ಸಲ ಚೆಕ್ ಮಾಡ್ತೀನಿ" ಅನ್ನುತ್ತಾರೆ.

ಇಷ್ಟೆಲ್ಲದರಲ್ಲಿ ಯಾರ ಬಿಲ್ಲಿನಲ್ಲೂ ಬರದ ಒಂದು ಖರ್ಚಿದೆ. "ಬೆಳಗ್ಗೆ 10ರಿಂದ ಸಂಜೆ 6ರ ಒಳಗೆ ಬರ್ತೀವಿ" ಅಂದ ದಿನ ಮನೆಯಲ್ಲಿ ಕೂರೋರು ಯಾರು? ರಜೆ ಹಾಕೋದು ಯಾರು? ನನಗೆ ಗೊತ್ತಿರೋ ಮನೆಗಳಲ್ಲೆಲ್ಲ ಹೆಂಗಸರೇ. ಮಷೀನ್ ನಿಂತರೆ ಗಂಡಸರಿಗೆ ಅದು ರಿಪೇರಿ ಸಮಸ್ಯೆ, ನಮಗೆ ಸೊಂಟದ ಸಮಸ್ಯೆ. ಮನೆಕೆಲಸಕ್ಕೆ ಬರೋ ಅಕ್ಕನಿಗೆ ಆವತ್ತು ಎರಡು ಬಕೆಟ್ ಬಟ್ಟೆ ಜಾಸ್ತಿ, ಅದಕ್ಕೆ ಬೇರೆ ದುಡ್ಡು ಕೊಡೋರು ಎಷ್ಟು ಜನ ಅಂತ ಕೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆಗಲಿ ಬಿಡಿ.

ಈಗ ನಮ್ಮದಕ್ಕೆ ಒಂದು ಚಿಕ್ಕ ಪ್ರೆಶರ್ ಪಂಪ್ ಹಾಕಿಸಿದ್ದೇವೆ. ಜಾಲರಿ ಆಗಾಗ ಬಿಚ್ಚಿ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜುತ್ತೇನೆ. ನಮ್ಮ ಬೋರ್ ನೀರು ಗಡಸು, ಬಿಸಿ ಮಾಡಿದಾಗ ಹೀಟರ್‌ಗೆ ಸುಣ್ಣ ಕಟ್ಟುತ್ತದೆ. ಅದಕ್ಕೆ ಆಗಾಗ ಬಟ್ಟೆ ಇಲ್ಲದೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಬಿಸಿ ನೀರಿನಲ್ಲಿ ಓಡಿಸುತ್ತೇನೆ. ಬೀಪ್ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಮೊನ್ನೆ ಎಎಂಸಿ, ಅಂದರೆ ವರ್ಷದ ಸರ್ವಿಸ್ ಒಪ್ಪಂದ, ರಿನ್ಯೂ ಮಾಡಿ ಅಂತ ಒಂದು ಹುಡುಗಿ ಫೋನ್ ಮಾಡಿದ್ದಳು. ಪಾಪ, ತುಂಬಾ ಮರ್ಯಾದೆಯಿಂದ ಮಾತಾಡಿದಳು. ಪಿಸಿಬಿ, ಡೋರ್ ಲಾಕ್, ರಬ್ಬರ್ ಇದರಲ್ಲಿ ಬರುತ್ತಾ, ಬರುತ್ತೆ ಅನ್ನೋದನ್ನ ಮೆಸೇಜಲ್ಲಿ ಬರೆದು ಕಳಿಸಮ್ಮ ಅಂದೆ. ಕೇಳಿ ಹೇಳ್ತೀನಿ ಮೇಡಂ ಅಂದಳು. ಮೆಸೇಜ್ ಬರಲಿ, ದುಡ್ಡು ಕಟ್ಟುತ್ತೇನೆ.