ರೀಫ್ ಟ್ಯಾಂಕಿಗೆ ಒಂದು ಅಳತೆ ದೊಡ್ಡ ಸ್ಕಿಮ್ಮರ್: ಬೇಕೇ, ಬೇಡವೇ?

ರೀಫ್ ಟ್ಯಾಂಕ್ ಎಂದರೆ ಮನೆಯಲ್ಲಿ ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿ. ಅದರ ನೀರಿನ ಕೊಳೆಯನ್ನು ಗಾಳಿಗುಳ್ಳೆಗಳಿಗೆ ಅಂಟಿಸಿ, ನೊರೆಯಾಗಿ ಕತ್ತಿನ ಮೂಲಕ ಮೇಲಿನ ಕಪ್‌ಗೆ ಏರಿಸಿ ಹೊರತೆಗೆಯುವ ಉಪಕರಣವೇ ಸ್ಕಿಮ್ಮರ್.

ಪರ

ಪೆಟ್ಟಿಗೆಯ ಮೇಲೆ ‘500 ಲೀಟರ್‌ವರೆಗೆ’ ಎಂದು ಅಚ್ಚಾಗಿದ್ದರೆ ನಾನು ಅದನ್ನು 250 ಎಂದೇ ಓದುತ್ತೇನೆ. ಆ ಸಂಖ್ಯೆಗೆ ತಯಾರಕರೆಲ್ಲ ಒಪ್ಪಿದ ಮಾನದಂಡ ಯಾವುದೂ ಇಲ್ಲ. ಒಬ್ಬರು ನಾಲ್ಕಾರು ಮೀನುಗಳ ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ, ಇನ್ನೊಬ್ಬರು ಮೀನು ತುಂಬಿದ ಟ್ಯಾಂಕನ್ನು. ಕೊಳ್ಳುವಾಗಲೇ ಒಂದು ಅಳತೆ ಮೇಲಿನದನ್ನು ಕೊಂಡರೆ ಮೀನು ಬೆಳೆದಾಗ ಮತ್ತೆ ಹಣ ಸುರಿಯಬೇಕಾಗಿಲ್ಲ.

ಮಂಗಳೂರಿನ ಸೆಕೆಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರದ ನೀರು ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಸುಮಾರು 6.2 ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಚಿಲ್ಲರ್ (ನೀರು ತಣಿಸುವ ಯಂತ್ರ) ಇಲ್ಲದ ಟ್ಯಾಂಕ್ ಇಲ್ಲಿ ಸುಲಭವಾಗಿ 30 ತಲುಪುತ್ತದೆ. ಸ್ಕಿಮ್ಮರ್ ಕೊಳೆ ತೆಗೆಯುವುದರ ಜೊತೆಗೆ ಗಂಟೆಗೆ ನೂರಾರು ಲೀಟರ್ ಗಾಳಿಯನ್ನು ನವಿರಾದ ಗುಳ್ಳೆಗಳಾಗಿಸಿ ನೀರಿಗೆ ಬೆರೆಸುತ್ತದೆ. ದೀಪ ಆರಿದ ಮೇಲೆ ಮೀನು, ಹವಳ, ಪಾಚಿ ಎಲ್ಲವೂ ಆಮ್ಲಜನಕ ಎಳೆದುಕೊಳ್ಳುವ ಹೊತ್ತಿನಲ್ಲಿ ಆ ಗಾಳಿ ಎಷ್ಟಿದ್ದರೂ ಬೇಕು.

ದೊಡ್ಡ ಸ್ಕಿಮ್ಮರ್ ನೀರಿನ ಸಾರವನ್ನೆಲ್ಲ, ಅಂದರೆ ಹವಳಕ್ಕೆ ಬೇಕಾದ ಪೋಷಕಾಂಶಗಳನ್ನೆಲ್ಲ, ಹೀರಿಬಿಡುತ್ತದೆ ಎಂದು ಹೆದರುವವರಿದ್ದಾರೆ. ಅಮೆರಿಕದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸ್ಕಿಮ್ಮರ್ ತೆಗೆಯುವುದು ನೀರಿನಲ್ಲಿರುವ ಸಾವಯವ ಇಂಗಾಲದ ಹೆಚ್ಚೆಂದರೆ ಮೂರನೆಯ ಒಂದು ಪಾಲಿನಷ್ಟನ್ನು. ನೈಟ್ರೇಟ್ ಅಂತೂ ಗುಳ್ಳೆಗೆ ಅಂಟುವುದೇ ಇಲ್ಲ. ಬರಿದಾಗುವ ಭಯಕ್ಕೆ ಆಧಾರ ಎಲ್ಲಿದೆ?

ವಿರೋಧ

ಫೆಲ್ಡ್‌ಮನ್ ಅವರ ಅಳತೆಗಳನ್ನು ಪೂರ್ತಿ ನೋಡಬೇಕು. ಅವರು ಪರೀಕ್ಷಿಸಿದ ಮಾದರಿಗಳ ನಡುವೆ ದೊಡ್ಡ ಅಂತರ ಕಾಣಲಿಲ್ಲ. ಹಾಗಿದ್ದ ಮೇಲೆ ಹೆಚ್ಚಿನ ಹಣ ಕೊಟ್ಟು ಪಡೆಯುವುದೇನು?

ನೊರೆ ಹುಟ್ಟುವ ಬಗೆಯಲ್ಲೇ ನನ್ನ ವಾದವಿದೆ. ಕರಗಿದ ಸಾವಯವ ಅಣುಗಳಲ್ಲಿ ಹಲವಕ್ಕೆ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ದೂರ ಸರಿಯುತ್ತದೆ. ಹೀಗಾಗಿ ಅವು ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ನೊರೆ ಒಡೆಯದೆ ಕತ್ತಿನವರೆಗೆ ಏರಿ ಕಪ್‌ಗೆ ಬೀಳುವುದು ಆ ಅಣುಗಳ ಬಲದಿಂದಲೇ. ದೊಡ್ಡ ಸ್ಕಿಮ್ಮರಿನ ಕತ್ತು ಅಗಲ. ಅದನ್ನು ತುಂಬುವಷ್ಟು ಕೊಳೆ ನೀರಿನಲ್ಲಿ ಇಲ್ಲದಿದ್ದರೆ ನೊರೆ ಅರ್ಧ ದಾರಿಯಲ್ಲೇ ಒಡೆಯುತ್ತದೆ, ಕಪ್ ದಿನಗಟ್ಟಲೆ ಒಣಗಿರುತ್ತದೆ. ಹೊಂದುವ ಅಳತೆಯದು ದಿನವೂ ಒಂದಿಷ್ಟು ಕಡುಕಂದು ದ್ರವವನ್ನು ತಪ್ಪದೆ ಹೊರಹಾಕುತ್ತದೆ. ನನಗೆ ಬೇಕಾದದ್ದು ಈ ನಿಯಮಿತತೆ.

ನೀರಿನ ಲೆಕ್ಕವನ್ನೂ ನಾವು ಸರಿಯಾಗಿ ಹಾಕುವುದಿಲ್ಲ. ನಾಲ್ಕು ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿಯ ಟ್ಯಾಂಕ್ ಎಂದರೆ ಸುಮಾರು 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 200 ಉಳಿದರೆ ಹೆಚ್ಚು. ಅದಕ್ಕೆ ಸಂಪ್‌ನ, ಅಂದರೆ ಟ್ಯಾಂಕಿನ ಕೆಳಗೆ ಸ್ಕಿಮ್ಮರ್ ಕೂರುವ ತೊಟ್ಟಿಯ, ನೀರನ್ನು ಸೇರಿಸಿ. ಆಮೇಲೆ ಟ್ಯಾಂಕಿನಲ್ಲಿ ಯಾರಿದ್ದಾರೆ ಎಂದು ನೋಡಿ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ನಮ್ಮ ಸಮುದ್ರದಿಂದ ಕಿತ್ತು ತರುವುದು ಅಪರಾಧ, ಅನ್ಯಾಯ ಕೂಡ. ಅವಿಲ್ಲದೆ ಮೃದು ಹವಳ, ಅಣಬೆ ಹವಳ, ಒಂದು ಜೋಡಿ ಕ್ಲೌನ್ ಮೀನು ಇರುವ ಟ್ಯಾಂಕಿಗೆ ತುಸು ಸಾರವಿರುವ ನೀರೇ ಹಿತ. ಗುಳ್ಳೆಗೆ ನೈಟ್ರೇಟ್ ಅಂಟದು, ನಿಜ. ಆದರೆ ಕೊಳೆತು ನೈಟ್ರೇಟ್ ಆಗಬೇಕಾದ ವಸ್ತುವೇ ಹೊರಹೋದರೆ ಕೊನೆಗೆ ಅದೂ ಇಳಿಯುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಶೂನ್ಯಕ್ಕಿಳಿದ ಟ್ಯಾಂಕಿನಲ್ಲಿ ಹವಳ ಬಣ್ಣಗೆಡಬಹುದು, ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಹಬ್ಬಬಹುದು.

ಸೆಕೆಯ ವಾದ ನನಗೆ ತಿರುಗುಮುರುಗಾಗಿ ಕಾಣುತ್ತದೆ. 15 ವ್ಯಾಟ್ ಪಂಪಿನ ಬದಲು 40 ವ್ಯಾಟಿನದು ಹಗಲಿರುಳು ಓಡಿದರೆ ತಿಂಗಳಿಗೆ 18 ಯೂನಿಟ್ ಹೆಚ್ಚುವರಿ. ಮುಳುಗಿರುವ ಪಂಪಿನ ಬಿಸಿ ನೀರಿಗೇ ಸೇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋದಾಗ ಎಷ್ಟು ದೊಡ್ಡ ಸ್ಕಿಮ್ಮರಾದರೂ ನಿಂತೇ ನಿಲ್ಲುತ್ತದೆ. ಮೇಲಿನ ಟ್ಯಾಂಕಿನಿಂದ ಇಳಿದ ನೀರಿನಿಂದ ಸಂಪ್‌ನ ಮಟ್ಟ ಏರಿರುತ್ತದೆ, ಕರೆಂಟ್ ಬಂದೊಡನೆ ಕಪ್ ಉಕ್ಕಿ ಹರಿಯುವುದೂ ಉಂಟು.

ಬೂತಾಯಿಯಂಥ ಎಣ್ಣೆ ಮೀನನ್ನು ಹೆಚ್ಚಿ ಹಾಕಿದ ಮೇಲೆ ನೊರೆ ಕುಸಿಯುವುದನ್ನು ಕಂಡು ‘ಸ್ಕಿಮ್ಮರ್ ಸಾಲದು’ ಎಂದುಕೊಳ್ಳುವವರಿದ್ದಾರೆ. ಎಣ್ಣೆ ನೊರೆಯನ್ನು ಒಡೆಯುತ್ತದೆ, ಅಷ್ಟೇ. ಸಿಗಡಿ, ಮರುವಾಯಿಯನ್ನು ತೊಳೆದು ಹಾಕಿದರೆ ಸಾಕು.

ಪೆಟ್ಟಿಗೆಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೀನುಗಳ ಮೂರು ಹೊರೆಗಳಿಗೆ ಮೂರು ಸಂಖ್ಯೆ ಕೊಟ್ಟಿದ್ದರೆ, ಮಧ್ಯಮದ ಸಂಖ್ಯೆ ನಿಮ್ಮ ನೀರಿನ ಲೆಕ್ಕಕ್ಕೆ ಹೊಂದುವ ಮಾದರಿಯನ್ನು ಕೊಳ್ಳಿ. ಉಳಿದ ಹಣದಲ್ಲಿ ಮೊದಲು ಬ್ಯಾಟರಿಯ ಏರ್ ಪಂಪ್ ತನ್ನಿ, ಜೂನ್ ಬರುವುದರೊಳಗೆ.